ಕ್ಯಾಪ್ಟನ್ ಸತ್ತದ್ದೂ ನನ್ನ ಮೀಸೆ ಹೋದದ್ದೂ

ಗಗನನೌಕೆ ಹಾರುವುದು ಆಕಾಶದಲ್ಲಿ, ಅದರ ಅವಾಂತರ ಇಳಿಯುವುದು ಮಾತ್ರ ಪ್ರತಿಸಲ ನನ್ನ ತಲೆಯ ಮೇಲೆ. ಪಿ.ಜೆ. ಬಡಾವಣೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನಿಗೆ ಅಂತರಿಕ್ಷದ ಉಸಾಬರಿ ಯಾಕೆ ಅನ್ನಬೇಡಿ. ಆ ಗಗನನೌಕೆಯ ಸಿನಿಮಾದ ಮೂರೂ ಭಾಗಗಳನ್ನು ನನ್ನಷ್ಟು ಅರ್ಥ ಮಾಡಿಕೊಂಡವರು ದಾವಣಗೆರೆಯಲ್ಲಿ ಇಲ್ಲ. ಹರಿಹರದಲ್ಲಿ ಒಬ್ಬ ‘ನಾನಿದ್ದೀನಿ’ ಅನ್ನುತ್ತಾನೆ. ಅವನು ನನ್ನ ಹೆಂಡತಿಯ ತಮ್ಮ.

ಮೂರನೇ ಭಾಗದ ಕೊನೆಗೆ ಕ್ಯಾಪ್ಟನ್ ನೌಕೆ ಸಮೇತ ಸೂರ್ಯನೊಳಗೆ ಬಿದ್ದು ಸತ್ತ. ಈಗ ಇನ್ನೆರಡು ಭಾಗ ಬರುತ್ತವೆ ಎಂದು ಸುದ್ದಿ ಬಂತು.

“ಕ್ಯಾಪ್ಟನ್ ವಾಪಸ್ ಬರ್ತಾನೆ ನೋಡ್ರಿ ಭಾವಾರೇ” ಅಂದ ಭಾಮೈದ.

“ಬಂದ್ರೆ ನಿಮ್ಮ ಹರಿಹರದಾಗೇ ಮೀಸೆ ಬೋಳಿಸ್ತೀನಿ!” ಅಂದುಬಿಟ್ಟೆ.

ಇದು ಅಂತಿಂಥ ಮೀಸೆಯಲ್ಲ. ಬೆಣ್ಣೆ ಹಚ್ಚಿ ತಿರುವಿ ಬೆಳೆಸಿದ್ದು. ಇದರ ನೆರಳಲ್ಲಿ ನಿಂತು ಗಿರಾಕಿಗಳು ಬಿಸಿಲು ತಪ್ಪಿಸಿಕೊಂಡದ್ದುಂಟು.

*ಹೆಣ್ಣು ನೋಡಿದವರು ಯಾರು?*

ಮೀಸೆ ಪಣಕ್ಕಿಟ್ಟದ್ದು ಯಾಕೆ ಎಂದು ಹೆಂಡತಿ ಜೋರು ಮಾಡಿದಳು. ಕಥೆ ಹೇಳಿದರೆ ಸಮಾಧಾನ ಆದೀತೆಂದು ಕೂರಿಸಿ ಹೇಳಿದೆ: ಮೊದಲು ಬಂದ ಸಿನಿಮಾದಲ್ಲಿ ಮಗನ ಕಥೆ. ಎರಡನೆಯದರಲ್ಲಿ ಅವನ ಅಪ್ಪನ ಕಥೆ. ಮೂರನೆಯದರಲ್ಲಿ ಮಗ, ಅಂದರೆ ಕ್ಯಾಪ್ಟನ್, ಕಾಲದಲ್ಲಿ ಹಿಂದಕ್ಕೆ ಹೋಗಿ ಅಪ್ಪನ ಮದುವೆ ಮಾಡಿಸುತ್ತಾನೆ.

ಅವಳು ಬಟಾಣಿ ಸುಲಿಯುವುದು ಬಿಟ್ಟು ನನ್ನನ್ನೇ ನೋಡಿದಳು.

“ಅಂದ್ರೆ ಅಪ್ಪಗೆ ಹೆಣ್ಣು ನೋಡಾಕ ಮಗನೇ ಹೋಗಿದ್ನಾ?”

“ಹೂಂ.”

“ಅಷ್ಟು ಜವಾಬ್ದಾರಿ ಇರೋ ಹುಡುಗನ್ನ ಯಾಕ್ರಿ ಸಾಯಿಸಿದ್ರಿ?”

*ಕೆಳಗಿನ ನಂಬರ್*

ಹೊಸ ಭಾಗದ ಸುದ್ದಿ ಕೇಳಿ ಸರಸ್ವತಿ ನಗರದ ನಿವೃತ್ತ ಮೇಷ್ಟ್ರೊಬ್ಬರು ಅಂಗಡಿಗೆ ಬಂದರು. ಹಿಂದಿನ ಭಾಗ ನೋಡಿದಾಗ ಥಿಯೇಟರಿನವರಿಗೆ ವಾಪಸ್ ಕೊಡಲು ‘ಮರೆತ’ ತ್ರೀಡಿ ಕನ್ನಡಕ ಜೇಬಿನಲ್ಲಿತ್ತು.

“ಇದಕ್ಕೆ ನನ್ನ ನಂಬರ್ ಹಾಕಿಕೊಡ್ರಿ. ಮ್ಯಾಲೆ ದೂರದ್ದು, ಕೆಳಗೆ ಓದಾಕಿಂದು.”

“ಸಿನಿಮಾ ನೋಡಾಕ ಓದೋ ನಂಬರ್ ಯಾಕ್ರಿ ಸಾರ್?”

ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿದರು. “ಇಂಗ್ಲಿಷ್ ಸಿನಿಮಾದಾಗ ಅಕ್ಷರ ಕೆಳಗಲ್ಲೇನ್ರಿ ಬರೋದು!”

*ಭಾವಪೂರ್ಣ ಶ್ರದ್ಧಾಂಜಲಿ*

ಭಾಮೈದನ ಬಾಯಿ ಮುಚ್ಚಿಸಲು ಒಂದು ಉಪಾಯ ಹೊಳೆಯಿತು. ಒಬ್ಬ ಮನುಷ್ಯ ಸತ್ತದ್ದು ನಮ್ಮ ಕಡೆ ಖಾತ್ರಿಯಾಗುವುದು ಸರ್ಕಲ್ಲಿನಲ್ಲಿ ಫ್ಲೆಕ್ಸ್ ಬಿದ್ದ ಮೇಲೇ. ‘ಕ್ಯಾಪ್ಟನ್‌ಗೆ ಭಾವಪೂರ್ಣ ಶ್ರದ್ಧಾಂಜಲಿ, ದುಃಖತಪ್ತ ಅಭಿಮಾನಿ’ ಎಂದು ಬರೆಸಿ, ಮೂಲೆಯಲ್ಲಿ ನನ್ನದೊಂದು ಸಣ್ಣ ಫೋಟೊ ಹಾಕಲು ಹೇಳಿ, ಹರಿಹರದಲ್ಲಿ ಭಾಮೈದನ ಮನೆ ಎದುರಿನ ಸರ್ಕಲ್ಲಿನಲ್ಲೇ ಕಟ್ಟಿಸಿದೆ.

ಮರುದಿನ ಶಾಮನೂರಿನಿಂದ ನಮ್ಮ ದೊಡ್ಡವ್ವ ಆಟೊ ತುಂಬಾ ಜನ ಕರಕೊಂಡು, ಅಳುತ್ತಾ ನಮ್ಮ ಮನೆಗೆ ಬಂದಳು. ನಾನು ಗಾಬರಿಯಾಗಿ ಹೊರಗೋಡಿದೆ.

“ಯಾರು ಹೋದ್ರು ದೊಡ್ಡವ್ವ?”

ಅವಳು ನನ್ನ ಹೆಗಲ ಮೇಲೇ ತಲೆಯಿಟ್ಟು ಬಿಕ್ಕಿದಳು. “ನೀನೇ ಕಣಪ್ಪ!”

ಹರಿಹರದಲ್ಲಿ ಯಾರೋ ಫ್ಲೆಕ್ಸ್ ನೋಡಿ ಅವಳಿಗೆ ಸುದ್ದಿ ಮುಟ್ಟಿಸಿದ್ದರಂತೆ. ಫ್ಲೆಕ್ಸ್ ಅಂಗಡಿ ಭಾಯ್‌ಗೆ ಫೋನ್ ಹಚ್ಚಿದೆ. ಅವರು ತಣ್ಣಗೆ ಹೇಳಿದರು: “ಕ್ಯಾಪ್ಟನ್ ಫೋಟೊ ದೊಡ್ಡದು ಮಾಡಿದ್ರೆ ಒಡೀತಿತ್ತು ಸಾಬ್. ನಿಮ್ದು ಕ್ಲಿಯರ್ ಇತ್ತು. ಅದನ್ನೇ ದೊಡ್ಡದು ಮಾಡಿ ಹಾರ ಹಾಕೀನಿ.”

ದೊಡ್ಡವ್ವ ಕಣ್ಣೊರೆಸಿಕೊಂಡು, “ಹೋಗ್ಲಿ ಬಿಡು, ಬಂದೀವಿ, ಊಟಕ್ಕೇನೈತೆ?” ಅಂದಳು.

*ಕುರ್ಚಿ*

ಕಡೆಗೆ ನಾಲ್ಕನೇ ಭಾಗದ ಟ್ರೇಲರ್ ಬರುವ ದಿನ ಬಂತು.

“ನಮ್ಮೂರಿಗೇ ಬರ್ರಿ ಭಾವಾರೇ, ದೊಡ್ಡ ಟೀವಿ ಐತೆ” ಎಂದು ಭಾಮೈದ ಕರೆದ. ಹೋಗಿ ನೋಡಿದರೆ ಟೀವಿ ಇದ್ದದ್ದು ಕಟಿಂಗ್ ಶಾಪಿನಲ್ಲಿ. ಅಲ್ಲಿ ಖಾಲಿ ಇದ್ದದ್ದೂ ಒಂದೇ ಕುರ್ಚಿ. ಕೂತೆ. ಯಾರೋ ಕೊರಳಿಗೆ ಬಿಳಿ ಬಟ್ಟೆ ಕಟ್ಟಿದರು.

ಟ್ರೇಲರ್ ಶುರುವಾಯಿತು. ಬೆಂಕಿ, ಹೊಗೆ, ಹೊಗೆಯೊಳಗಿಂದ ಒಬ್ಬ ನಡೆದು ಬಂದ. ಕ್ಯಾಪ್ಟನ್! ಇವನು ಹೆಂಗೆ ಬದುಕಿದ? ಸೂರ್ಯ ಏನು ಆರಿಹೋಗಿದ್ದನೆ? ಇದು ಮುಂದಿನ ಕಥೆಯೋ, ಹಿಂದಿನದೋ? ನನಗೇ ತಲೆ ಕೆಟ್ಟಿತು. ಆದರೆ ನಾನು ಸುಮ್ಮನೆ ಸೋಲುವ ಪೈಕಿಯೇ?

“ನಿಲ್ಸ್ರಿ! ಸತ್ತ ಕ್ಯಾಪ್ಟನ್‌ಗೆ ಮೀಸೆ ಇತ್ತು. ಇವನಿಗೆ ಮೀಸೆನೇ ಇಲ್ಲ. ಇವನು ಬ್ಯಾರೆಯವನು!”

ಭಾಮೈದ ಕತ್ತರಿಯನ್ನು ಕ್ಷೌರಿಕರ ಕೈಗಿಟ್ಟ. “ಅವನೂ ಭಾಮೈದನ ಕೂಡ ಬಾಜಿ ಕಟ್ಟಿರಬೇಕು ಭಾವಾರೇ. ತೆಗೀರಿ ಅಣ್ಣಾರೇ.”

ತೆಗೆದರು.

ಖಾಲಿ ತುಟಿ ಸವರಿಕೊಳ್ಳುತ್ತಾ ಬಸ್‌ಸ್ಟ್ಯಾಂಡಿಗೆ ಆಟೊ ಹತ್ತಿದೆ. ಸರ್ಕಲ್ಲಿನಲ್ಲಿ ನನ್ನ ಫ್ಲೆಕ್ಸ್ ಇನ್ನೂ ನೇತಾಡುತ್ತಿತ್ತು. ಹಾರ, ಮೀಸೆ ಎರಡೂ ಭರ್ಜರಿಯಾಗಿದ್ದವು. ಆಟೊದವನು ಅದನ್ನು ನೋಡಿದ, ಕನ್ನಡಿಯಲ್ಲಿ ನನ್ನನ್ನು ನೋಡಿದ, ಮತ್ತೆ ಅದನ್ನು ನೋಡಿದ.

“ನಿಮ್ಮಣ್ಣಾರೇನ್ರಿ?”

“ಹೂಂ. ಭಾಳ ದೊಡ್ಡ ಮನುಷ್ಯ” ಅಂದೆ.

“ಅಯ್ಯೋ ಪಾಪ” ಅಂದ ಅವನು, ಗೇರು ಹಾಕುತ್ತಾ. “ನೀವು ನೋಡಿದ್ರೆ ಹಿಂಗೆ ತಣ್ಣಗೆ ಕೂತೀರಿ. ಅವರ ಭಾಮೈದಾರು ಹೇಳ್ತಿದ್ರು, ಅವರು ಭಾರೀ ಬಡಾಯಿ ಕೊಚ್ತಿದ್ರಂತಲ್ರಿ?”