ತಿಹೊಮಿರನ ಮೂಳೆ ಕಷಾಯ

ಮನೆದೇವರ ಹಬ್ಬದ ದಿನ ಮನೆಯ ಯಜಮಾನ ಕೂರುವ ಹಾಗಿಲ್ಲ. ಬೆಳಿಗ್ಗೆ ಮೇಣದ ಬತ್ತಿ ಹಚ್ಚಿದಲ್ಲಿಂದ ಕೊನೆಯ ನೆಂಟ ತನ್ನ ಕೋಟು ಹುಡುಕುವವರೆಗೆ ಅವನು ನಿಂತೇ ಬಡಿಸಬೇಕು, ನಿಂತೇ ಉಪಚರಿಸಬೇಕು, ನಿಂತೇ ನಗಬೇಕು. ಚುಪ್ರಿಯಾ ಪಟ್ಟಣದಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ಅಂಥ ಊರಿನಲ್ಲಿ, ಹೋದ ವರ್ಷ ತನ್ನ ಮನೆದೇವರಾದ ಸಂತ ಯೋವಾನನ ದಿನ, ಮಧ್ಯಾಹ್ನ ಹನ್ನೆರಡೂವರೆಗೆ, ಹದಿನೇಳು ಜನ ನೆಂಟರ ಎದುರು ತಿಹೊಮಿರ್ ಕೂತುಬಿಟ್ಟ.

ಕಾರಣ ಹೊಟ್ಟೆ. ಆ ಹೊಟ್ಟೆ ಮೂರು ವರ್ಷದಿಂದ ಅವನೊಳಗೇ ಬೇರೆ ಸಂಸಾರ ಹೂಡಿತ್ತು. ತಿಂದರೆ ಉರಿ, ತಿನ್ನದಿದ್ದರೆ ಗುಡುಗು. ಆದರೆ ಊರು ಕಾರಣ ಕೇಳುವುದಿಲ್ಲ. ವರ್ಷವಿಡೀ ಬ್ರೆಡ್ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಕೊನೆಗೆ ಅವನು ಕೆಲಸ ಮಾಡುವ ನೀರು ಸರಬರಾಜು ಕಚೇರಿಯಲ್ಲೂ ಒಂದೇ ಪ್ರಶ್ನೆ: “ಏನ್ರೀ, ಈ ಸಲ ನಿಲ್ತೀರಾ?”

ಈ ಸಲ ನಿಲ್ಲಲೇಬೇಕೆಂದು ತಿಹೊಮಿರ್ ನಿಶ್ಚಯಿಸಿದ. ಅಪ್ಪನಿಂದ ಬಂದ ಹಬ್ಬ, ಅಪ್ಪ ಎಪ್ಪತ್ತೆಂಟನೆಯ ವಯಸ್ಸಿನಲ್ಲೂ ಊರುಗೋಲು ಹಿಡಿದು ನಿಂತಿದ್ದ ಹಬ್ಬ.

ದಾರಿ ಸಿಕ್ಕಿದ್ದು ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ, ಮುಖಪುಟ ಕಳೆದುಕೊಂಡ ಒಂದು ಪತ್ರಿಕೆಯಲ್ಲಿ. ಮೂಳೆಗಳನ್ನು ಸಣ್ಣ ಉರಿಯಲ್ಲಿ ದಿನವಿಡೀ ಕುದಿಸಿದ ರಸ ಕರುಳಿಗೆ ಅಮೃತವೆಂದು ಅದರಲ್ಲಿ ಬರೆದಿತ್ತು. ತಿಹೊಮಿರ್ ಆ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡ. (ಹರಿಯುವ ಸದ್ದು ಕೇಳಬಾರದೆಂದು ಜೋರಾಗಿ ಕೆಮ್ಮಿದ. ಪಕ್ಕದಲ್ಲಿ ಕೂತಿದ್ದಾಕೆ ಎದ್ದು ದೂರದ ಕುರ್ಚಿಗೆ ಹೋದಳು.)

“ದೇಸಾಂಕಾ, ನಾನು ಮೂಳೆ ಕಷಾಯ ಮಾಡ್ತೀನಿ,” ಎಂದ ಹೆಂಡತಿಗೆ.

“ನೀನಾ? ಒಲೆ ಯಾವ ಕಡೆ ಇದೆ ಗೊತ್ತಾ?”

“ತಮಾಷೆ ಬೇಡ. ಇದು ವೈದ್ಯ. ಕರುಳಿನ ಒಳಗೋಡೆಗೆ ಗಾರೆ ಮೆತ್ತಿದ ಹಾಗಂತೆ.”

ಕಿಟಕಿಯ ಪಕ್ಕ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಅತ್ತೆ ಸ್ತಾಮೆಂಕಾ ತಲೆಯೆತ್ತಿದಳು. “ಯಾವ ಮೂಳೆ ಅಳಿಯಂದ್ರೇ?”

ತಿಹೊಮಿರ್ ಹಾಳೆ ಬಿಡಿಸಿ ಓದಿದ. “ಹಂದಿಯ ಕಾಲು, ಗೊರಸಿನ ಮೇಲಿನ ಗಂಟು, ಬಾಲ. ಚರ್ಮದ ಸಮೇತ.”

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಆಹಾ,” ಎಂದಳು ಸ್ತಾಮೆಂಕಾ. “ಎಂಥ ಹೊಸ ವಿದ್ಯೆ!”

ಇಲ್ಲಿ ಪಿಹ್ತಿಯೆಯ ಸಂಗತಿ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಚೌಕ ಚೌಕವಾಗಿ ಕತ್ತರಿಸಿ, ಮೇಲೆ ಕೆಂಪು ಮೆಣಸಿನ ಪುಡಿ ಉದುರಿಸಿ, ತಣ್ಣಗೆ ಬಡಿಸುವ, ತಟ್ಟೆ ಅಲುಗಿದರೆ ತಾನೂ ನಡುಗುವ ಆ ಮಾಂಸದ ಗಟ್ಟಿ ಇಲ್ಲದೆ ಚಳಿಗಾಲದ ಹಬ್ಬವೇ ಇಲ್ಲ. ತಿಹೊಮಿರನ ತಾಯಿ ಇದ್ದಷ್ಟು ದಿನ ಅವಳೇ ಮಾಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಸ್ತಾಮೆಂಕಾ. ಆ ಹನ್ನೊಂದು ವರ್ಷವೂ ತಿಹೊಮಿರ್ ಅದನ್ನು ಬಾಯಿಗಿಟ್ಟಿರಲಿಲ್ಲ. ಬಡಿಸುವಾಗಲೂ ತಟ್ಟೆಯನ್ನು ಮುಂದೆ ಚಾಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ, “ನೀವು ತಗೊಳ್ಳಿ, ನನ್ನ ಹೊಟ್ಟೆಗೆ ಅದು ವಿಷ” ಎನ್ನುತ್ತಿದ್ದ. ಹೊಟ್ಟೆ ಕೆಟ್ಟದ್ದು ಮೂರು ವರ್ಷದಿಂದ, ವಿಷ ಎನ್ನುತ್ತಿದ್ದದ್ದು ಹನ್ನೊಂದು ವರ್ಷದಿಂದ. ಈ ಲೆಕ್ಕವನ್ನು ಸ್ತಾಮೆಂಕಾ ಯಾವತ್ತೂ ಬಾಯಿಬಿಟ್ಟು ಆಡಿರಲಿಲ್ಲ.

ಅವಳು ತಿಮೋಕ್ ನದಿಯ ಕಡೆಯವಳು. “ನಮ್ಮ ಕಡೆ ಪಿಹ್ತಿಯೆಗೆ ಕ್ಯಾರೆಟ್ ಬಿಲ್ಲೆ ಹಾಕ್ತೀವಿ. ಇಗರ್ಜಿಯ ಬಣ್ಣದ ಕಿಟಕಿ ಹಾಗೆ ಕಾಣುತ್ತೆ,” ಎಂದು ಬಂದವರಿಗೆಲ್ಲ ಹೇಳುವಳು. ಪಿಹ್ತಿಯೆಗೆ ಕ್ಯಾರೆಟ್! ತಿಹೊಮಿರನಿಗೆ ಅಷ್ಟು ಸಾಕಾಗಿತ್ತು. ಅವನ ತಾಯಿಯ ಪಿಹ್ತಿಯೆ ಬರಿದಾಗಿ, ತಿಳಿಯಾಗಿ, ಮೊರಾವಾ ನದಿಯ ಮೇಲಿನ ಮೊದಲ ಮಂಜುಗಡ್ಡೆಯ ಹಾಗಿರುತ್ತಿತ್ತು.

ಈ ವರ್ಷ ಸ್ತಾಮೆಂಕಾಳ ಮಣಿಕಟ್ಟು ಹಿಡಿದುಕೊಂಡಿತ್ತು. “ಪಿಹ್ತಿಯೆ ಮಾಡಲ್ಲ,” ಎಂದು ಮೊದಲೇ ಸಾರಿದ್ದಳು. “ಯಜಮಾನರೇ ಮುಟ್ಟದ್ದನ್ನ ಯಾರಿಗೋಸ್ಕರ ಮಾಡಲಿ?”

ಹಬ್ಬದ ಹಿಂದಿನ ದಿನ ತಿಹೊಮಿರ್ ರಜೆ ಹಾಕಿದ. ಮಾಂಸದಂಗಡಿಯವನು ಕಾಲುಗಳನ್ನು ಸೀಳುತ್ತ, “ಪಿಹ್ತಿಯೆಗಾ?” ಎಂದು ಕೇಳಿದ.

“ಅಲ್ಲಪ್ಪಾ, ಔಷಧಿಗೆ.”

“ಹಾಗಾದರೆ ಒಂದು ಕಿವೀನೂ ಹಾಕ್ತೀನಿ ಬಿಡಿ, ಬೇಗ ಗುಣ ಆಗುತ್ತೆ.”

ಏಪ್ರನ್ ಕಟ್ಟಿಕೊಂಡು, ದೊಡ್ಡ ಪಾತ್ರೆ ಒಲೆಗೇರಿಸಿ, ತಿಹೊಮಿರ್ ಅದರ ಮುಂದೆ ಕಾವಲುಗಾರನಂತೆ ನಿಂತ.

“ಉರಿ ಜಾಸ್ತಿಯಾಯ್ತು,” ಎಂದಳು ಸ್ತಾಮೆಂಕಾ ಕಿಟಕಿಯ ಕಡೆಯಿಂದ.

“ಅತ್ತೆ, ಇಪ್ಪತ್ತೊಂಬತ್ತು ವರ್ಷದಿಂದ ನೀರಿನ ಕಚೇರಿಯಲ್ಲಿದ್ದೀನಿ. ನೀರಿನ ವಿಷಯ ನನಗೆ ಬಿಡಿ.”

“ಬಿಟ್ಟೆ. ನೊರೆ ತೆಗೀರಿ.”

ತಿಹೊಮಿರ್ ನೊರೆ ತೆಗೆದ.

“ಕಲಕಬೇಡಿ. ಕಲಕಿದರೆ ಮಂಕಾಗುತ್ತೆ.”

“ಹಾಳೆಯಲ್ಲಿ ಹಾಗೇನೂ ಬರೆದಿಲ್ಲ.”

“ಹಾಳೆ ಬರೆದವನಿಗೆ ಅತ್ತೆ ಇರಲಿಲ್ಲ ಅಂತ ಕಾಣುತ್ತೆ.”

ತಿಹೊಮಿರ್ ಚಮಚ ಕೆಳಗಿಟ್ಟ. ಉರಿಯನ್ನೂ ಇಳಿಸಿದ. (ತಾನಾಗಿಯೇ ಇಳಿಸಬೇಕೆಂದಿದ್ದನಂತೆ.)

ನಾಲ್ಕನೆಯ ಗಂಟೆಯ ಹೊತ್ತಿಗೆ ಅಡುಗೆಮನೆಯ ಕಿಟಕಿ ಬೆವರಿತು. ಗಾಜಿನ ಮೇಲೆ ಹನಿಯೊಂದು ಅನುಮಾನಿಸುತ್ತ ಇಳಿದು, ಇನ್ನೊಂದನ್ನು ಸೇರಿ, ಸರಸರನೆ ಓಡಿತು. ಆಗ ಆ ವಾಸನೆ ಎದ್ದಿತು: ಮೂಳೆ, ಕರಿಮೆಣಸು, ಒಂದು ಪರಿಮಳದ ಎಲೆ. ತಿಹೊಮಿರ್ ಹಿಡಿದಿದ್ದ ಮುಚ್ಚಳವನ್ನು ಹಾಗೇ ಹಿಡಿದು ನಿಂತ.

ಇಂಥದೇ ಚಳಿಗಾಲ. ಅವನಿಗೆ ಏಳೋ ಎಂಟೋ. ಹಬ್ಬದ ಹಿಂದಿನ ದಿನ ಗಂಡಸರು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಆಗಲೂ ಅವನ ಹೊಟ್ಟೆ ಸೂಕ್ಷ್ಮವೇ. ಬಾಗಿಲು ಅಂಗೈಯಗಲ ತೆರೆಯುತ್ತಿತ್ತು, ಹಬೆಯೊಳಗಿಂದ ಅಮ್ಮನ ಕೈ ಮಾತ್ರ ಹೊರಗೆ ಬರುತ್ತಿತ್ತು, ಕೈಯಲ್ಲಿ ಅಂಚು ಕೆತ್ತಿಹೋದ ನೀಲಿ ಲೋಟ. “ಕುಡಿ, ಹೊಟ್ಟೆಗೆ ಒಳ್ಳೇದು.” ಅಷ್ಟೇ. ಬಾಗಿಲು ಮುಚ್ಚುತ್ತಿತ್ತು. ಅದೇನೆಂದು ಅವನು ಕೇಳಿರಲಿಲ್ಲ. ಆ ಬಿಸಿ ಗಂಟಲಲ್ಲಿ ಇಳಿದು, ಎದೆಯ ಒಳಗೆ ಒಂದು ದೀಪ ಹಚ್ಚಿದ ಹಾಗಾಗುತ್ತಿತ್ತು.

ಅವನು ಕಪಾಟಿನ ಮೂಲೆಯೆಲ್ಲ ತಡಕಿ ಆ ನೀಲಿ ಲೋಟ ತೆಗೆದ. ಒಂದು ಸೌಟು ಹುಯ್ದುಕೊಂಡು ಕುಡಿದ. ಕಣ್ಣು ಒದ್ದೆಯಾಯಿತು.

“ಹಬೆ,” ಎಂದ.

“ಹಬೆಯೇ,” ಎಂದಳು ಸ್ತಾಮೆಂಕಾ, ಬೆಳ್ಳುಳ್ಳಿಯಿಂದ ತಲೆಯೆತ್ತದೆ.

ಸಂಜೆಗೆ ಮುಂಚೆ ಇಗರ್ಜಿಗೆ ಹೋಗಿ ಹಬ್ಬದ ಮೇಣದ ಬತ್ತಿ ತರಬೇಕಿತ್ತು. “ನೀನು ಹೋಗಿ ಬಾ, ನಾನು ಸೋಸಿಡ್ತೀನಿ,” ಎಂದಳು ದೇಸಾಂಕಾ. “ಫ್ರಿಜ್ ತುಂಬಿದೆ. ಅಗಲ ಟ್ರೇಗಳಿಗೆ ಸುರಿದು ಬಾಲ್ಕನಿಯಲ್ಲಿಟ್ಟರೆ ಬೇಗ ಆರುತ್ತೆ.”

ತಿಹೊಮಿರನಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಆಕೆ ಅವನ ಯಾವ ಯೋಜನೆಗೂ ಹೀಗೆ ತಾನಾಗಿ ಕೈಜೋಡಿಸಿರಲಿಲ್ಲ.

ಬೆಳಗಾಗುತ್ತಲೇ ಅವನು ನೀಲಿ ಲೋಟ ಹಿಡಿದು ಬಾಲ್ಕನಿಗೆ ಹೋದ. ಕಂಬಿಯ ಮೇಲೆ ಹಿಮ ಕೂತಿತ್ತು. ಮೊದಲ ಟ್ರೇಯ ಬಟ್ಟೆ ಸರಿಸಿ ಲೋಟವನ್ನು ಅದ್ದಿದ. ಲೋಟ ಇಳಿಯಲಿಲ್ಲ. ಒತ್ತಿದ. ಕಷಾಯ ನಡುಗಿತು. ಬೆಳ್ಳುಳ್ಳಿಯ ವಾಸನೆ ಹೊಡೆಯಿತು. ಒಳಗೆ ಮಾಂಸದ ಚೂರುಗಳು ಕೂತಿದ್ದವು, ಮೇಲೆ ಕೆಂಪು ಪುಡಿ.

“ದೇಸಾಂಕಾ! ಯಾರೋ ನನ್ನ ಔಷಧಿ ಕದ್ದು ಪಿಹ್ತಿಯೆ ಇಟ್ಟು ಹೋಗಿದ್ದಾರೆ!”

ಎದುರುಮನೆಯ ಕಿಟಕಿಯೊಂದು ತೆರೆಯಿತು. ದೇಸಾಂಕಾ ಓಡಿಬಂದಳು. ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಯಾರೂ ಕದ್ದಿಲ್ಲ ತಿಹೋ. ಕಾಲು, ಬಾಲ, ಕಿವಿ, ಏಳು ಗಂಟೆ ಉರಿ. ಚಳೀಲಿಟ್ಟರೆ ಹೆಪ್ಪುಗಟ್ಟದೆ ಇನ್ನೇನಾಗುತ್ತೆ ಅಂದುಕೊಂಡಿದ್ದೆ?”

ತಿಹೊಮಿರ್ ಏನೂ ಅಂದುಕೊಂಡಿರಲಿಲ್ಲ. ಐವತ್ತೈದು ವರ್ಷ ಪಿಹ್ತಿಯೆ ಬಾಲ್ಕನಿಯಿಂದ ಮೇಜಿಗೆ ಬರುವುದನ್ನು ಮಾತ್ರ ಅವನು ನೋಡಿದ್ದ. ಅದು ಅಲ್ಲೇ ಹುಟ್ಟುತ್ತದೆಂದು ತಿಳಿದಂತಿದ್ದ.

“ಬೆಳ್ಳುಳ್ಳಿ ಯಾರು ಹಾಕಿದ್ದು?”

“ನಾನು,” ಎಂದಳು ಒಳಗಿನಿಂದ ಸ್ತಾಮೆಂಕಾ. “ಮಣಿಕಟ್ಟಿಗೆ ಅಷ್ಟು ಮಾತ್ರ ಆಗುತ್ತೆ.”

ಜಗಳಕ್ಕೆ ಹೊತ್ತಿರಲಿಲ್ಲ. ಈ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ಆದ್ದರಿಂದ ಎಲ್ಲರೂ ಬರುತ್ತಾರೆ. ಪಾದ್ರಿ ಬಂದು ಹೋದರು, ಬತ್ತಿ ಉರಿಯಿತು, ಮಧ್ಯಾಹ್ನದೊಳಗೆ ಮೇಜಿನ ಸುತ್ತ ಇಪ್ಪತ್ತೊಂದು ಜನ. ತಿಹೊಮಿರ್ ನಿಂತಿದ್ದ. ಹನ್ನೆರಡೂವರೆಗೆ ಎಲ್ಲರೂ ಒಮ್ಮೆ ಗಡಿಯಾರ ನೋಡಿ, ಒಮ್ಮೆ ಅವನನ್ನು ನೋಡಿದರು. ಅವನು ನಿಂತೇ ಇದ್ದ. ಹೊಟ್ಟೆ ಬೆಳಗಿನಿಂದ ಸುಮ್ಮನಿತ್ತು.

ಅವನ ಮದುವೆಯಲ್ಲಿ ಸಾಕ್ಷಿ ನಿಂತ ಬಾಲ್ಯದ ಗೆಳೆಯ ವುಕಾಶಿನ್ ಪಿಹ್ತಿಯೆಯ ಚೌಕವೊಂದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, “ಇದು ಯಾರು ಮಾಡಿದ್ದು?” ಎಂದ.

“ಅಳಿಯಂದ್ರು,” ಎಂದಳು ಸ್ತಾಮೆಂಕಾ. “ಔಷಧಿ ಅಂತ.”

ದೇಸಾಂಕಾ ಕಥೆಯನ್ನೆಲ್ಲ ಹೇಳಿದಳು, ಬಾಲ್ಕನಿಯ ಕಳ್ಳನನ್ನೂ ಬಿಡದೆ. ಮೇಜು ಅಲುಗುವಷ್ಟು ನಕ್ಕರು. ತಟ್ಟೆಯಲ್ಲಿ ಪಿಹ್ತಿಯೆಯೂ ನಕ್ಕಿತು.

“ಅಯ್ಯೋ ಮಂಕೇ,” ಎಂದ ವುಕಾಶಿನ್ ಕಣ್ಣೊರೆಸಿಕೊಂಡು. “ನಿನ್ನಮ್ಮ ಬಾಗಿಲ ಸಂದಿಯಿಂದ ಲೋಟದಲ್ಲಿ ಕೊಡ್ತಿದ್ದದ್ದೂ ಇದೇ ಕಣೋ. ಆರಿ ಹೆಪ್ಪುಗಟ್ಟೋ ಮುಂಚೆ ನಿನಗೊಂದು, ನನಗೊಂದು. ತಿನ್ನು, ಅದೇ ರುಚಿ. ಆದರೆ ಇದರಲ್ಲಿ ಹೊಸದೇನಿದೆ? ಸ್ತಾಮೆಂಕಾ ಅಜ್ಜಿ ಹನ್ನೊಂದು ವರ್ಷದಿಂದ ಬಡಿಸ್ತಿರೋದೂ ಇದೇ.”

ತಿಹೊಮಿರ್ ಒಂದು ಚೌಕ ಬಾಯಿಗಿಟ್ಟ. ಅದು ನಾಲಿಗೆಯ ಮೇಲೆ ಕರಗಿ, ನೀಲಿ ಲೋಟವಾಯಿತು.

“ಅತ್ತೆ,” ಎಂದ ಮೆಲ್ಲನೆ. “ನೀವು ಕ್ಯಾರೆಟ್ ಹಾಕ್ತಿದ್ದಿರಲ್ಲ?”

“ನಮ್ಮ ಕಡೆ ಹಾಕ್ತೀವಿ ಅಂದೆ. ಈ ಮನೇಲಿ ಯಾವತ್ತು ಹಾಕಿದೆ?” ಸ್ತಾಮೆಂಕಾ ಮಡಿಲ ಮೇಲಿನ ತುಣುಕುಗಳನ್ನು ಕೊಡವಿದಳು. “ಬೀಗಿತ್ತಿ ಕೊನೆಯ ಚಳಿಗಾಲದಲ್ಲಿ ಮಲಗಿದ್ದಲ್ಲೇ ನನಗೆ ಹೇಳಿಕೊಟ್ಟಳು. ಇಷ್ಟು ಕಾಲು, ಇಷ್ಟು ಬೆಳ್ಳುಳ್ಳಿ, ಕಲಕಬೇಡ. ‘ಕ್ಯಾರೆಟ್ ಹಾಕಬೇಡ ಸ್ತಾಮೆಂಕಾ, ನಮ್ಮ ಹುಡುಗ ತಿನ್ನಲ್ಲ’ ಅಂದಳು. ಹನ್ನೊಂದು ವರ್ಷ ಹಾಕಲಿಲ್ಲ. ಆದರೂ ಹುಡುಗ ತಿನ್ನಲಿಲ್ಲ.”

ತಿಹೊಮಿರ್ ಬಡಿಸುವ ತಟ್ಟೆಯನ್ನು ಮೇಜಿನ ಮೇಲಿಟ್ಟ. ಆಮೇಲೆ, ಇಪ್ಪತ್ತೊಂದು ಜನರ ಎದುರು, ಅತ್ತೆಯ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟ.

“ಕೂತ! ಈ ಸಲಾನೂ ಕೂತ!” ವುಕಾಶಿನ್ ಕೂಗಿದ. “ಹೊಟ್ಟೆನೇನೋ?”

“ಹೊಟ್ಟೆ ಅಲ್ಲ,” ಎಂದಳು ಸ್ತಾಮೆಂಕಾ.

ತಿಹೊಮಿರ್ ಸ್ಟೂಲನ್ನು ಅತ್ತೆಯ ಕಡೆ ಎಳೆದುಕೊಂಡ. “ಅತ್ತೆ, ಮುಂದಿನ ವರ್ಷ ನೀವು ಕ್ಯಾರೆಟ್ ಹಾಕಿ. ನಾನು ತಿಂತೀನಿ.”

“ಮುಂದಿನ ವರ್ಷ ನಾನಾ?” ಸ್ತಾಮೆಂಕಾ ತನ್ನ ಏಪ್ರನ್ ಬಿಚ್ಚಿ, ನಾಲ್ಕಾಗಿ ಮಡಚಿ, ಅವನ ಮಡಿಲಲ್ಲಿಟ್ಟಳು. “ಕಲಿಸಿಯಾಯ್ತಲ್ಲ ಅಳಿಯಂದ್ರೇ. ಬಿಲ್ಲೆ ತೆಳ್ಳಗೆ ಕತ್ತರಿಸಿ.”