ಮದುವೆಗೆ ಕರೆಯುವವರು ಯಾರು?

ಲಗ್ನಪತ್ರಿಕೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆ ಊಟದ ಮೇಲೆ ನನಗೆ ಯಾವ ದ್ವೇಷವೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಸಿಟ್ಟೆಲ್ಲ ಪತ್ರಿಕೆಯ ಕೊನೆಯಲ್ಲಿ ‘ತಮ್ಮ ಆಗಮನಾಭಿಲಾಷಿ’ ಎಂದು ಅಚ್ಚುಹಾಕಿ, ಅದರ ಕೆಳಗೆ ಒಂದು ಹೆಸರು ಕೂರಿಸುತ್ತಾರಲ್ಲ, ಆ ಜಾಗದ ಮೇಲೆ. ನಮ್ಮ ಚಾಮರಾಜನಗರದ ಸಂತೆಯಲ್ಲೂ ಜಾಗಕ್ಕೆ ಜಗಳವುಂಟು. ಆದರೆ ಅಲ್ಲಿ ಬೆಳಗ್ಗೆ ಬೇಗ ಬಂದು ಗೋಣಿ ಹಾಸಿದವನಿಗೆ ಜಾಗ ಎಂಬ ನ್ಯಾಯವಾದರೂ ಇದೆ. ಪತ್ರಿಕೆಯಲ್ಲಿ ಮಾತ್ರ, ಹುಡುಗಿಗೆ ಒಂದು ಹೊತ್ತು ಮುದ್ದೆ ಹಾಕದವನೂ ಕೊನೆಗೆ ಬಂದು ಎಲ್ಲರಿಗಿಂತ ಮುಂದೆ ಗೋಣಿ ಹಾಸುತ್ತಾನೆ!

ನಾನು ಬರಿಗೈಯಲ್ಲಿ ಶುರುಮಾಡಿ ಅರಿಶಿನದ ವ್ಯಾಪಾರದಲ್ಲಿ ಮೇಲೆ ಬಂದವನು. ಜನರ ಜೊತೆ ಏಗಿ ಏಗಿ ಬುದ್ಧಿ ಕಲಿತಿದ್ದೇನೆ. ಹಾಗಾಗಿ ನಮ್ಮ ಬೀದಿಯವರು ಪತ್ರಿಕೆ ಬರೆಸಲು ನನ್ನ ಅಂಗಡಿ ಜಗುಲಿಗೇ ಬರುತ್ತಾರೆ. ಕೇಳಿದವರಿಗೆ ಹೇಳುತ್ತೇನೆ; ಕೇಳದವರನ್ನು ಕೂರಿಸಿಕೊಂಡು ಹೇಳುತ್ತೇನೆ. ತಂದೆ ಇದ್ದರೆ ತಂದೆ ಕರೆಯಲಿ. ತಾತ ಇದ್ದರೆ, ಕಿವಿ ಕೇಳದಿದ್ದರೂ ಸರಿ, ತಾತನೇ ಕರೆಯಲಿ. ಜಗಳಕ್ಕೆ ಬಂದವರು ಕೂಗಿ ಕೂಗಿ ಸುಸ್ತಾಗಿ ಹೋಗುತ್ತಾರೆ. ಅಣ್ಣತಮ್ಮಂದಿರು ಪಾಲಾಗಿದ್ದರೆ ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಹಾಕಿ. ಒಬ್ಬನನ್ನು ಮೇಲೆ, ಇನ್ನೊಬ್ಬನನ್ನು ಕೆಳಗೆ ಹಾಕಿದಿರೋ, ಹೊಲದ ಬದುವಿನ ಜಗಳ ನೇರವಾಗಿ ಚಪ್ಪರಕ್ಕೆ ಬರುತ್ತದೆ. ಎರಡನೆಯ ಹೆಂಡತಿಯ ಮಕ್ಕಳಾದರೆ ನನ್ನನ್ನು ಕೇಳಬೇಡಿ, ನನಗೂ ಹೆಂಡತಿಯಿದ್ದಾಳೆ.

ಇಷ್ಟೆಲ್ಲ ಬಲ್ಲ ನನಗೆ ಸವಾಲಾಗಿ ಬಂದದ್ದು ತಂಗಿ ಗೌರಮ್ಮನ ಮಗಳು ಮಾದೇವಿಯ ಮದುವೆ. ಆ ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಅವಳ ತಂದೆ ತೀರಿಕೊಂಡರು. ಗೌರಮ್ಮ ಚಂದಕವಾಡಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸಿ, ರೇಷ್ಮೆಹುಳು ಸಾಕಿ, ಮಗಳನ್ನು ದೊಡ್ಡವಳು ಮಾಡಿದಳು. ಗಂಡನ ಅಣ್ಣ ಗುರುಮಲ್ಲಪ್ಪನವರು ಇರುವುದು ಗುಂಡ್ಲುಪೇಟೆಯಲ್ಲಿ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಗುರುತಿಲ್ಲದ ಜನರನ್ನೆಲ್ಲ ಮನೆಗೆ ಕರೆದು ಮಜ್ಜಿಗೆ ಕೊಡುವ ಧರ್ಮಾತ್ಮರು, ತಮ್ಮನ ಹೆಂಡತಿಯ ಹೊಸಿಲು ಮಾತ್ರ ತುಳಿದವರಲ್ಲ. ಮದುವೆ ಗೊತ್ತಾದದ್ದೇ ತಡ, ಹೇಳಿಕಳಿಸಿದರು: ಪತ್ರಿಕೆಯಲ್ಲಿ ಕರೆಯುವವರು ತಾವೇ, ಇಲ್ಲದಿದ್ದರೆ ತಮ್ಮ ಮನೆತನದ ಒಂದು ನರಪಿಳ್ಳೆಯೂ ಬರುವುದಿಲ್ಲ. ಗಂಡಿನ ಕಡೆಯವರೋ, ತಂದೆಯ ಕಡೆಯವರು ನಿಂತು ನಡೆಸದ ಮದುವೆ ತಮಗೆ ಬೇಡ ಎಂದು ಕೂತರು. ಸಂಬಂಧವೇ ಮುರಿಯುವ ಹಾಗಾಯಿತು.

ಹಲ್ಲು ಕಚ್ಚಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದೆ.

“ನಾನಿನ್ನೂ ಬದುಕಿವ್ನಿ ಕಣಯ್ಯಾ,” ಎಂದರು ಗುರುಮಲ್ಲಪ್ಪನವರು, ಕೂತಲ್ಲಿಂದ ಏಳದೆ. “ನಮ್ಮನೆ ಹೆಣ್ಣಿನ ಮದ್ವೆಗೆ ಕರೆಯಕ್ಕೆ ನೀನ್ಯಾವನು?”

“ಸೋದರಮಾವ ನಾನು, ಭಾವ. ಕೂಸು ಅಂಬೆಗಾಲು ಇಕ್ಕೋವಾಗಿಂದ ನೋಡ್ಕಂಡಿವ್ನಿ. ನೀವು ಅದ್ರ ಮೊಕನಾದ್ರೂ ಕಂಡಿದ್ದೀರಾ?”

“ಪತ್ರಿಕೆಗೆ ಮೊಕ ಯಾಕ್ಲಾ? ಹೆಸ್ರೇನು ಹೇಳು, ಹಾಕ್ಸನ.”

ಹೆಸರೂ ಗೊತ್ತಿಲ್ಲ! ಕೈಯಲ್ಲಿದ್ದ ಮಜ್ಜಿಗೆ ಲೋಟವನ್ನು ಅವರ ರುಮಾಲಿನ ಮೇಲೆ ಸುರಿಯುವಷ್ಟು ಕೋಪ ಬಂತು. ಆದರೆ ವ್ಯಾಪಾರಿಯಾದವನು ಕೋಪವನ್ನು ಮುಖದ ಮೇಲೆ ಇಟ್ಟುಕೊಂಡರೆ ಕೆಟ್ಟ. ಮಜ್ಜಿಗೆ ಕುಡಿದೆ. ಗದರಿಸಿದೆ, ಹೊಗಳಿದೆ, ಎದ್ದು ಹೊರಟವನಂತೆ ಚಪ್ಪಲಿ ಮೆಟ್ಟಿದೆ, ಮತ್ತೆ ಬಂದು ಕೂತೆ. ಕಡೆಗೆ ಒಪ್ಪಂದವಾಯಿತು: ಎಡಗಡೆ ಅವರ ಹೆಸರು, ಬಲಗಡೆ ನನ್ನದು, ಎರಡಕ್ಕೂ ಒಂದೇ ಗಾತ್ರದ ಅಕ್ಷರ. ಗೆದ್ದೆ ಎಂದುಕೊಂಡು ಬಂದು ಅಚ್ಚುಹಾಕಿಸಿದೆ. ಮೂಲೆಮೂಲೆಗೂ ಅರಿಶಿನ ಹಚ್ಚಿ, ಕಟ್ಟನ್ನು ಹೆಗಲ ಮೇಲೆ ಹೊತ್ತು ಚಂದಕವಾಡಿಗೆ ಹೋದೆ.

ಮಾದೇವಿ ಗಟ್ಟಿಯಾಗಿ ಓದಿದಳು. ಗೌರಮ್ಮ ಸೊಪ್ಪು ಕತ್ತರಿಸುತ್ತಲೇ ಕೇಳಿಸಿಕೊಂಡಳು.

“ಬೋ ಚೆನ್ನಾಗದೆ. ಕರೆಯೋರು ನೀವಿಬ್ರು. ನನ್ನ ಯಾರು ಕರೀತೀರಣ್ಣ?”

“ನಿನ್ನ ಮನೆ ಮದ್ವೆ ಕಣವ್ವಾ!”

“ನಂದು ಅಂತ ಎಲ್ಲದೆ? ಅದ್ರಲ್ಲಿ ನಿಮ್ದು ಅಂತ ಅದೆ.”

“ಗಂಡ ಇಲ್ದೋರ ಹೆಸ್ರು ಹಾಕೋ ಪದ್ಧತಿ ಇಲ್ಲ...”

“ಹಂಗಾರೆ ಕರೆಯೋ ಪದ್ಧತಿ ಅದೆಯಲ್ಲ? ಕರೀದಿರೋ ಮದ್ವೆಗೆ ಹೋಗಿ ಉಣ್ಣಕ್ಕೆ ನಾನು ಮಾನಗೆಟ್ಟೋಳಲ್ಲ.”

“ಅವ್ವ ಬರ್ದೆ ಇದ್ರೆ ನಾನೂ ಬರಕಿಲ್ಲ ಮಾವ,” ಎಂದಿತು ಮದುವಣಗಿತ್ತಿ.

ಮುಗಿಯಿತು. ತಟ್ಟೆಯಲ್ಲಿ ಎಲೆ ಅಡಿಕೆ, ಕಾಯಿ ಇಟ್ಟುಕೊಂಡು, ಶಲ್ಯ ಹೊದ್ದು, ಬೀದಿಯವರೆಲ್ಲ ನೋಡುತ್ತಿರಲು ನನ್ನ ತಂಗಿಯ ಬಾಗಿಲಲ್ಲಿ ನಿಂತೆ. ‘ನಮ್ಮ ಮನೆ ಮದುವೆಗೆ’ ಎನ್ನಲು ಬಾಯಿ ತೆರೆದು, ನುಂಗಿಕೊಂಡು, “ಗೌರವ್ವಾ, ನಿನ್ನ ಮಗಳ ಮದ್ವೆಗೆ ನೀನು ಬರ್ಬೇಕು ಕಣವ್ವಾ,” ಎಂದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. “ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು. ಬಿಡುವಾದ್ರೆ ಬತ್ತೀನಿ.”

ಅರಿಶಿನದ ದೊಡ್ಡ ದೊಡ್ಡ ಮಂಡಿಗಳಲ್ಲೂ ನನ್ನನ್ನು ಯಾರೂ ಹೀಗೆ ಅಲ್ಲಾಡಿಸಿರಲಿಲ್ಲ. ನೆಟ್ಟಗೆ ಅಚ್ಚುಕೂಟಕ್ಕೆ ಹೋಗಿ, ಆಗಮನಾಭಿಲಾಷಿಯ ಜಾಗದಲ್ಲಿ ಶ್ರೀಮತಿ ಗೌರಮ್ಮ, ಚಂದಕವಾಡಿ ಎಂದಷ್ಟೇ ಹಾಕಿಸಿದೆ. ಹಳೆಯ ಕಟ್ಟನ್ನು ಗುಂಡ್ಲುಪೇಟೆಗೆ ಹಂಚಿದೆ, ಹೊಸದನ್ನು ಮಿಕ್ಕ ಪ್ರಪಂಚಕ್ಕೆಲ್ಲ. ನಿಮ್ಮ ಮನೆಯಲ್ಲೂ ಇಂಥ ಪೇಚು ಬಂದರೆ ಹೀಗೇ ಮಾಡಿ.

ಮದುವೆಯ ದಿನ ಚಪ್ಪರದ ಬಾಗಿಲಲ್ಲಿ ಬಂದವರನ್ನು ಎದುರುಗೊಳ್ಳಲು ಗೌರಮ್ಮ ನಿಂತಿದ್ದಳು. ನಾನೂ ಶಲ್ಯ ಸರಿಮಾಡಿಕೊಂಡು ಪಕ್ಕದಲ್ಲಿ ನಿಲ್ಲಲು ಹೋದೆ.

“ಬಾಣ್ಣ, ಬಾ. ದೂರದಿಂದ ಬಂದಿದ್ದೀಯೆ,” ಎಂದು ನಗುತ್ತ ಕೈಮುಗಿದಳು. “ಮೊದ್ಲ ಪಂಕ್ತೀಲೇ ಕೂತ್ಬುಡು.”

ಉರಿಯುತ್ತಲೇ ಹೋಗಿ ಕೂತೆ. ಪಕ್ಕದ ಎಲೆಯಲ್ಲಿ ಗುರುಮಲ್ಲಪ್ಪ ಭಾವ ಆಗಲೇ ಪಾಯಸಕ್ಕೆ ಕಾಯುತ್ತಿದ್ದರು. ನಾನೂ ಕಾದೆ.