ಭುಜಕ್ಕೆ ತಾಗದ ಬಂದೂಕು

ವರ್ಲಿನ್ ಹ್ಯಾಚರ್‌ನ ಆ ಶನಿವಾರವನ್ನು ಹಾಳು ಮಾಡಿದ್ದು ಒಂದು ಸ್ಪ್ರಿಂಗು. ಎರಡು ವರ್ಷದಿಂದ ಬಿಡಿಭಾಗಗಳನ್ನು ಒಂದೊಂದಾಗಿ ಕೂಡಿಸಿ, ಅಡುಗೆಮನೆ ಮೇಜಿನ ಮೇಲೆ ಅವನು ಕಟ್ಟುತ್ತಿದ್ದ ರೈಫಲ್ಲಿಗೆ ಉಳಿದಿದ್ದುದು ಅದೊಂದೇ. ಗುಂಡು ಹಾರಿದಾಗ ಹಿಂದಕ್ಕೆ ನುಗ್ಗುವ ಪೆಟ್ಟನ್ನು ಭುಜ ಮುಟ್ಟುವ ಮೊದಲೇ ನುಂಗಿಕೊಳ್ಳಲು ಹಿಂಬದಿಯ ಕೊಳವೆಯೊಳಗೆ ಒಂದು ಸ್ಪ್ರಿಂಗು, ಅದರ ತುದಿಗೊಂದು ತೂಕ ಇರುತ್ತವೆ. ಎರಡೂ ಸೇರಿದರೆ ಬಫರ್. ಅಂಗಡಿಯಲ್ಲಿ ಬೇಕಾದಷ್ಟು ಬಗೆ ಸಿಗುತ್ತವೆ, ತೊಂದರೆ ಇರುವುದೂ ಅಲ್ಲೇ.

ವರ್ಲಿನ್ ವೆಸ್ಟ್ ವರ್ಜೀನಿಯಾದ ಆ ಕಣಿವೆಯ ಚರ್ಚುಗಳ ಪಿಯಾನೊಗಳನ್ನೆಲ್ಲ ಶ್ರುತಿ ಮಾಡುವವನು. ಪಿಯಾನೊದ ಒಂದು ಕೀಲಿ ಒತ್ತಿದರೆ ಅದರ ನಾದ ಪೂರ್ತಿ ಸಾಯುವವರೆಗೂ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಪಾದ್ರಿಗಳು ಬೀಗದ ಕೈಯನ್ನು ಅವನ ಪಕ್ಕದಲ್ಲಿಟ್ಟು ಊಟಕ್ಕೆ ಹೋಗಿಬಿಡುತ್ತಿದ್ದರು.

ಮಾರ್ಚಿನಲ್ಲಿ ಅವನ ಬಲಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ಹೆಂಡತಿ ಲೊರೀನಾ ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು. ಅವಳೆದುರು ನೋವು ಮುಚ್ಚಿಡುವುದು ಯಾರಿಂದಲೂ ಸಾಧ್ಯವಿರಲಿಲ್ಲ.

"ಕೇಳಿಲ್ಲಿ," ಎಂದಳು ಅವಳು, ಬಿಸ್ಕಿಟ್ ಎನ್ನುವ ಮೆತ್ತನೆ ಬನ್ನಿನ ಮೇಲೆ ಗ್ರೇವಿ ಸುರಿಯುತ್ತ. "ಇವತ್ತೊಂದು ದಿನ ಗುಂಡು ಹೊಡ್ಕೋ. ಸಾಯಂಕಾಲ ಬಂದಾಗ ಆ ಭುಜ ಒಂಚೂರು ನೋಯ್ತಿದ್ರೂ ಬಂದೂಕು ನನ್ನ ತಮ್ಮ ಡೆಲ್ಮರ್‌ಗೆ. ಆಮೇಲೆ ಗೋಗರೆಯಂಗಿಲ್ಲ."

"ನೋಯಲ್ಲ ಕಣೇ. ಬೆಕ್ಕು ಬಂದು ತಲೆ ಇಟ್ಟಂಗಿರತ್ತೆ, ನೋಡ್ತಿರು."

"ನಿನ್ನ ಕನಸಲ್ಲಿ ಹುಲೀನೂ ಬೆಕ್ಕೇ."

ವರ್ಲಿನ್‌ನ ಮನಸ್ಸು ಆಗಲೇ ಗುಡ್ಡ ಹತ್ತಿ ಗುರಿ ಹೊಡೆಯುವವರ ಕ್ಲಬ್ಬಿನ ಹುಲ್ಲಿನ ಮೇಲೆ ಮಲಗಿತ್ತು. ಅಕ್ಟೋಬರಿನ ಕೆಂಪು ಎಲೆಗಳ ಕೆಳಗೆ ಬೋರಲು ಮಲಗಿ, ಉಸಿರು ಬಿಟ್ಟು, ಇನ್ನೊಂದು ಉಸಿರು ಎಳೆದುಕೊಳ್ಳುವ ಮುಂಚೆ ಒಂದು ಗಳಿಗೆ ಬರುತ್ತದೆ. ಆಗ ಬೆಟ್ಟ, ಮಂಜು, ಮೈಯೊಳಗಿನ ರಕ್ತ ಎಲ್ಲವೂ ನಿಂತಂತೆ ಅನಿಸುತ್ತದೆ. ಆ ಗಳಿಗೆ ಸಿಗದೆ ಏಳು ತಿಂಗಳಾಗಿತ್ತು. ಅದಿಲ್ಲದೆ ಅವನು ಸೊರಗಿ ಹೋಗಿದ್ದ.

ಓಪಲ್ ಸ್ಕಿಡ್ಮೋರ್‌ಳ ಬಂದೂಕಿನಂಗಡಿಗೆ ಅವನು ಹೋದದ್ದು ಒಂಬತ್ತು ಗಂಟೆಗೆ. ಒಂದು ಸ್ಪ್ರಿಂಗು ಕೊಂಡು ಐದು ನಿಮಿಷದಲ್ಲಿ ಬರಬಹುದಿತ್ತು. ಆದರೆ ಶನಿವಾರ ಆ ಅಂಗಡಿಯಲ್ಲಿ ಸಾಮಾನು ಕೊಳ್ಳುವವರಿಗಿಂತ ಸಲಹೆ ಕೊಡುವವರೇ ಹೆಚ್ಚು. ಡೆಲ್ಮರ್ ಆಗಲೇ ಎತ್ತರದ ಸ್ಟೂಲಿನ ಮೇಲೆ ಕೂತು ಮಾಂಸ ತುಂಬಿದ ಪೆಪರೋನಿ ರೋಲ್ ಜಗಿಯುತ್ತಿದ್ದ. ಪಕ್ಕದಲ್ಲಿ ಕಲ್ಲಿದ್ದಲು ಗಣಿಯಿಂದ ನಿವೃತ್ತನಾದ ಮುದುಕ ಹೋಬರ್ಟ್.

"ಭಾವಾ, ಭಾರದ್ದು ಹಾಕು. ಟಂಗ್‌ಸ್ಟನ್!" ಎಂದ ಡೆಲ್ಮರ್. "ರೈಲು ಬಂದ್ರೂ ತಡೆಯುತ್ತೆ."

"ಅಷ್ಟು ಭಾರ ಹಾಕಿದ್ರೆ ಅದು ಹಿಂದಕ್ಕೋಗಿ ಮುಂದಕ್ಕೆ ಬರೋಷ್ಟರಲ್ಲಿ ಜಿಂಕೆಗೆ ಮದುವೆಯಾಗಿ ಮಕ್ಕಳಾಗಿರ್ತವೆ," ಎಂದ ಹೋಬರ್ಟ್. "ಒಳಗೆ ಎಣ್ಣೆ ಇರೋದು ಬರುತ್ತೆ, ಅದನ್ನ ಹಾಕ್ಕೋ. ತಗೋ, ನನ್ನದೇ ಒಂದಿದೆ." ಅವನು ಊಟದ ಡಬ್ಬಿಯಿಂದ ತೆಗೆದುಕೊಟ್ಟ ಬಫರ್ ಸೋರುತ್ತಿತ್ತು. ವರ್ಲಿನ್‌ನ ಪ್ಯಾಂಟಿನ ತೊಡೆಯ ಮೇಲೆ ಕಪ್ಪು ಎಣ್ಣೆ ಹರಿಯಿತು.

"ಎಲ್ಲದಕ್ಕೂ ಬರೋ ಸಾದಾದ್ದೇ ಸಾಕು," ಎಂದಳು ಓಪಲ್ ಕಟ್ಟೆಯ ಆಚೆಯಿಂದ. "ನಮ್ಮನೆಯವರು ನಲವತ್ತು ವರ್ಷ ಅದರಲ್ಲೇ ಹೊಡೆದ್ರು."

"ಅವರ ಭುಜ ಹೇಗಿತ್ತು ಓಪಲಮ್ಮ?"

"ಭುಜ ಕಲ್ಲಿನಂಗಿತ್ತಪ್ಪ. ಕಿವಿ ಮಾತ್ರ ಕೇಳಿಸ್ತಿರಲಿಲ್ಲ. ಅದು ನನ್ನಿಂದ ಅಂತಿದ್ರು."

ವರ್ಲಿನ್‌ಗೆ ಭುಜದ ಚಿಂತೆಯ ಜೊತೆಗೆ ಕಿವಿಯ ಚಿಂತೆಯೂ ಇತ್ತು. ಬಂದೂಕಿಗೆ ಕೆನ್ನೆ ಆನಿಸಿದಾಗ ಒಳಗಿನ ಸ್ಪ್ರಿಂಗು ಪ್ರತಿ ಗುಂಡಿಗೂ ಒಮ್ಮೆ ಝಣ್ ಎನ್ನುತ್ತದೆ. ಬೇರೆಯವರಿಗೆ ಅದು ಬರೀ ಸದ್ದು, ಅವನಿಗೆ ಶ್ರುತಿ ತಪ್ಪಿದ ಸ್ವರ. ರೈಫಲ್ಲನ್ನು ಜೊತೆಗೇ ತಂದಿದ್ದ. ಅಂಗಡಿಯ ಬಫರ್‌ಗಳನ್ನು ಒಂದೊಂದಾಗಿ ಅದರ ಕೊಳವೆಗೆ ಹಾಕಿ, ಹೆಬ್ಬೆರಳಿನಿಂದ ಒತ್ತಿ, ಕಿವಿಯಿಟ್ಟು ಕೇಳಿದ.

"ಇದು ಕಾಲು ಸ್ವರ ಇಳಿದಿದೆ."

"ಭಾವಾ, ನೀನು ಗುರಿ ಹೊಡೆಯೋಕೆ ಹೊರಟಿದ್ದೀಯೋ ಕೀರ್ತನೆ ಹಾಡೋಕೋ?"

ಮೂರನೆಯದನ್ನು ಒತ್ತುವಾಗ ಅವನ ಕಣ್ಣು ಮುಚ್ಚಿಹೋದವು. ಯಾವುದೋ ಖಾಲಿ ಚರ್ಚಿನಲ್ಲಿ ಸಂಜೆ ಬೆಳಕು ಬೀಳುತ್ತಿರುವ ಹಾಗೆ ಕಂಡಿತು. ಕೊಳವೆಯ ಬಾಯಲ್ಲಿ ಸ್ಪ್ರಿಂಗನ್ನು ಒಳಗೇ ಹಿಡಿದಿಡುವ ತಡೆಗುಬ್ಬಿ ಮೇಲಕ್ಕೆ ಬಂದಿದೆಯೋ ಇಲ್ಲವೋ ನೋಡದೆ ಹೆಬ್ಬೆರಳು ತೆಗೆದ. ಸ್ಪ್ರಿಂಗೂ ತೂಕವೂ ಚಂಗನೆ ಹಾರಿ, ಹೋಬರ್ಟನ ಟೋಪಿಯನ್ನು ಕೆಡವಿ, ಗೋಡೆಯ ಮೇಲಿದ್ದ ಜಿಂಕೆಯ ತಲೆಗೆ ಬಡಿದು ಕೊಂಬಿಗೆ ನೇತುಬಿದ್ದವು.

"ಪಾಪ, ಅದಕ್ಕೆ ಇದು ಎರಡನೇ ಏಟು," ಎಂದಳು ಓಪಲ್, ಏಣಿ ತರಲು ಹೋಗುತ್ತ.

ಏಳನೆಯದು ಚಪ್ಪಟೆ ತಂತಿಯ ಸ್ಪ್ರಿಂಗು, ಮಧ್ಯಮ ತೂಕ. ಒತ್ತಿದ, ಬಿಟ್ಟ. ಏನೂ ಕೇಳಿಸಲಿಲ್ಲ. ಮತ್ತೆ ಒತ್ತಿದ. ನಾದ ಸತ್ತ ಮೇಲೆ ಉಳಿಯುವ ಮೌನ ಅದರೊಳಗೆ ಮೊದಲೇ ಇತ್ತು. ವರ್ಲಿನ್‌ನ ಕಣ್ಣು ತುಂಬಿ ಬಂದವು.

"ಮಧ್ಯಾಹ್ನ ಒಂದು ಗಂಟೆಯಾಯ್ತು, ಅಂಗಡಿ ಮುಚ್ಚಬೇಕು," ಎಂದಳು ಓಪಲ್. "ಅಳೋದಿದ್ರೆ ಹೊರಗೆ ನಿಂತು ಅಳಪ್ಪ."

ಅವನು ಗುಡ್ಡದ ಮೇಲಿನ ಕ್ಲಬ್ಬು ತಲುಪುವಷ್ಟರಲ್ಲಿ ಹಿಂದೆ ಡೆಲ್ಮರ್, ಹೋಬರ್ಟ್, ಓಪಲ್ ಇವರ ಮೂರು ಪಿಕಪ್ ಟ್ರಕ್ಕುಗಳಿದ್ದವು. ಸುದ್ದಿ ಹಬ್ಬಿ ಅಲ್ಲಿ ಆಗಲೇ ಎಂಟು ಜನ ಸೇರಿದ್ದರು. ವರ್ಲಿನ್‌ಗೆ ಅವರಾರೂ ಕಾಣಲಿಲ್ಲ. ಚಾಪೆ ಹಾಸಿ ಮಲಗಿದ. ಉಸಿರು ಬಿಟ್ಟ. ಬೆಟ್ಟ ನಿಂತಿತು.

ಮೊದಲ ಗುಂಡು ಹೋದದ್ದು ಭುಜಕ್ಕೆ ಗೊತ್ತೇ ಆಗಲಿಲ್ಲ. ಎರಡನೆಯದೂ ಅಷ್ಟೇ. ಹತ್ತು ಗುಂಡೂ ಹಾಗೇ ಹೋದವು, ಒಂದೂ ಸಿಕ್ಕಿಕೊಳ್ಳಲಿಲ್ಲ, ಒಂದೂ ಝಣ್ ಎನ್ನಲಿಲ್ಲ. ಮೇಪಲ್ ಎಲೆಯೊಂದು ತೇಲುತ್ತ ಬಂದು ಅವನ ಕೈಮೇಲೆ ಕೂತಿತು. ಬದುಕಿನಲ್ಲಿ ಇನ್ನೇನೂ ಬೇಡ ಎಂದು ಅವನಿಗೆ ನಿಜವಾಗಿಯೂ ಅನಿಸಿತು. ಬಂದೂಕು ಖಾಲಿ ಮಾಡಿ ಕೆಳಗಿಟ್ಟು, ಅದೇ ಮಂಪರಿನಲ್ಲಿ ಎದ್ದು ನಿಂತು ಎಲ್ಲರನ್ನೂ ನೋಡಿ ನಕ್ಕ.

ಆ ಗುಡ್ಡದ ಮೇಲೆ ಒಂದು ಪದ್ಧತಿಯುಂಟು. ಸ್ವಂತ ಕೈಯಿಂದ ಕಟ್ಟಿದ ಬಂದೂಕು ಮೊದಲ ಸುತ್ತನ್ನು ಎಲ್ಲೂ ಸಿಕ್ಕಿಕೊಳ್ಳದೆ ಮುಗಿಸಿದರೆ, ಅಲ್ಲಿದ್ದವರೆಲ್ಲ ಬಂದು ಕಟ್ಟಿದವನ ಭುಜಕ್ಕೆ ಒಂದೊಂದು ಗುದ್ದು ಕೊಡಬೇಕು. ಬಂದೂಕು ಆನಿಸಿದ ಭುಜಕ್ಕೇ ಕೊಡಬೇಕು. ಕೈ ಕುಲುಕಿದರೆ ಲೆಕ್ಕಕ್ಕಿಲ್ಲ. ಇಪ್ಪತ್ತು ವರ್ಷದಲ್ಲಿ ವರ್ಲಿನ್ ಎಷ್ಟೋ ಜನಕ್ಕೆ ಕೊಟ್ಟಿದ್ದ. ಆ ಕನಸಿನಲ್ಲಿ ಅದೊಂದನ್ನು ಮರೆತಿದ್ದ.

"ಭಲೇ ಭಾವಾ!" ಎಂದು ಡೆಲ್ಮರ್ ಮೊದಲು ಬಂದ. ಅವನದು ಮರ ಕಡಿಯುವ ಕೈ. ಆಮೇಲೆ ಹೋಬರ್ಟ್. ಆಮೇಲೆ ಓಪಲ್, ಅವಳು ವಯಸ್ಸಾಯಿತೆಂದು ಎರಡು ಕೊಟ್ಟಳು. ಉಳಿದ ಎಂಟು ಜನವೂ ಯಾವ ಕೊರತೆಯನ್ನೂ ಮಾಡಲಿಲ್ಲ.

ಮನೆಗೆ ಬಂದಾಗ ಲೊರೀನಾ ಬಾಗಿಲಲ್ಲೇ ನಿಂತಿದ್ದಳು. "ಜಾಕೆಟ್ ತೆಗಿ."

ಎಡತೋಳು ಬಂತು. ಬಲತೋಳು ಬರಲಿಲ್ಲ.

"ಬಂದೂಕಲ್ಲ ಕಣೇ! ದೇವರಾಣೆ, ಬಂದೂಕು ಮುಟ್ಟಲೇ ಇಲ್ಲ."

"ಮತ್ತೇನು ಮುಟ್ಟಿದ್ದು?"

"ಎಲ್ಲಾರೂ ಶಹಬ್ಬಾಸ್ ಅಂದ್ರು."

"ಯಾತಕ್ಕೆ?"

"ಹೊಡೆತ ಭುಜಕ್ಕೆ ತಾಗಲಿಲ್ಲ ಅಂತ."

ಲೊರೀನಾ ಗೋಡೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು ಮಂಜುಗಡ್ಡೆ ತಂದಳು, ಭುಜಕ್ಕೆ ಕಟ್ಟಿದಳು. ಆಮೇಲೆ ತಮ್ಮನಿಗೆ ಫೋನ್ ಮಾಡಿದಳು. ಅವಳ ಮಾತೆಂದರೆ ಮಾತು.

ಹೊತ್ತು ಮುಳುಗುವ ಮುಂಚೆ ಡೆಲ್ಮರ್ ಬಂದ. ಜಗಲಿಯ ಮೇಲೆ ಕೂತು ರೈಫಲ್ಲನ್ನು ತಿರುವಿ ಮುರುವಿ ನೋಡಿದ, ಭುಜಕ್ಕಿಟ್ಟು ಗುಂಡು ತುಂಬುವ ಹಿಡಿಯನ್ನು ಒಂದು ಸಲ ಹಿಂದಕ್ಕೆಳೆದು ಬಿಟ್ಟ. ಅವನ ಮುಖ ಸಪ್ಪಗಾಯಿತು.

"ಏನು ಭಾವಾ ಇದು, ಸದ್ದೇ ಇಲ್ಲ. ಬಂದೂಕು ಅಂದ್ಮೇಲೆ ಒಂಚೂರಾದ್ರೂ ಗುದ್ದಬೇಕಪ್ಪ, ಇಲ್ದಿದ್ರೆ ಹೊಡೆದಂಗೇ ಅನ್ಸಲ್ಲ. ಸೋಮವಾರ ಈ ಬಫರ್ ಕಿತ್ತಾಕಿ ಬೇರೆ ಹಾಕಿಸ್ತೀನಿ." ರೈಫಲ್ಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. "ನೀನೂ ಬರ್ತೀಯಾ? ಆರಿಸೋದ್ರಲ್ಲಿ ನಿನ್ನಂಥೋರು ಈ ಕಣಿವೇಲೇ ಇಲ್ಲ."

ವರ್ಲಿನ್ ಭುಜದ ಮೇಲಿನ ಮಂಜುಗಡ್ಡೆಯನ್ನು ಸರಿಯಾಗಿ ಒತ್ತಿಕೊಂಡ. ಒಳಗಿನಿಂದ ಲೊರೀನಾ ಕೆಮ್ಮಿದ್ದು ಕೇಳಿಸಿತು. ಎದುರಿನ ಗುಡ್ಡ ಕೆಂಪಾಗಿ, ಆಮೇಲೆ ನೀಲಿಯಾಗಿ, ಮೆಲ್ಲಗೆ ಮರೆಯಾಗುತ್ತಿತ್ತು.

"ಎಷ್ಟು ಗಂಟೆಗೆ?" ಎಂದ.